ಬುಧವಾರದ ರೇಖಾ

ಡೊಂಬಿವಲಿಯ ಆ ಮನೆಯಲ್ಲಿ ನಾವು ಆರು ಮಂದಿ ಇದ್ದೆವು. ಆಸ್ಪತ್ರೆಯ ಕಾರ್ಡು ಮೂವರಿಗೆ ಮಾತ್ರ ಇತ್ತು. ಅಪ್ಪ ಎಂಐಡಿಸಿ ಎಂಬ ಕಾರ್ಖಾನೆಗಳ ಬಡಾವಣೆಯ ಒಂದು ಬಣ್ಣದ ಕಂಪನಿಯಲ್ಲಿ ಕಾಯಂ ನೌಕರ. ಹಾಗಾಗಿ ಅಪ್ಪ, ಅವ್ವ, ನಾನು ಕಂಪನಿಯ ವಿಮೆಯ ಒಳಗಿನವರು. ಕಾಕಾ, ಅಂದರೆ ಅಪ್ಪನ ತಮ್ಮ, ವಾಶಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ದಲಾಲರೊಬ್ಬರ ಅಂಗಡಿಯಲ್ಲಿ ತೂಕ ನೋಡುವ ಕೆಲಸಕ್ಕಿದ್ದ. ಅಲ್ಲಿ ವಿಮೆಯೂ ಇಲ್ಲ, ಗಿಮೆಯೂ ಇಲ್ಲ. ದೀಪಾವಳಿಗೆ ಒಂದು ಸಣ್ಣ ಚೀಲ ಮೆಣಸಿನಕಾಯಿ ಕೊಟ್ಟು ಕೈ ಮುಗಿಯುತ್ತಿದ್ದರು. ಆದ್ದರಿಂದ ಕಾಕಾ, ಕಾಕು ಮತ್ತು ಅವರ ಮಗಳು ಸುಧಾ ಹೊರಗಿನವರು. ಒಂದೇ ಒಲೆಯ ಅಡುಗೆ ಉಣ್ಣುತ್ತಿದ್ದ ನಮ್ಮನ್ನು ಎರಡು ಪಾಲು ಮಾಡಿದ್ದು ಆ ಕಾರ್ಡೊಂದೇ. ಅವ್ವ ಅದನ್ನು ಟ್ರಂಕಿನಲ್ಲಿ, ತನ್ನ ಲಗ್ನದ ಸೀರೆಯ ಮಡಿಕೆಯೊಳಗೆ ಇಟ್ಟಿರುತ್ತಿದ್ದಳು. ಅದರ ಮೇಲೆ ನಮ್ಮ ಮೂವರ ಫೋಟೊ ಇತ್ತು. ಅದರಲ್ಲಿ ನಾನೆಂದರೆ ಅವ್ವನ ತೊಡೆಯ ಮೇಲಿನ ಒಂದು ಉಲ್ಲನ್ ಟೊಪ್ಪಿಗೆ ಮತ್ತು ಎರಡು ಗಲ್ಲ, ಅಷ್ಟೇ. ಅದನ್ನು ನೋಡಿ ನನ್ನನ್ನು ಗುರುತಿಸಬೇಕಾದರೆ ಹೆತ್ತವಳೇ ಬೇಕಿತ್ತು.

ಮನೆ ಅಂದರೆ ಎರಡು ಖೋಲಿ, ಒಂದು ಅಡುಗೆಮನೆ. ಒಳಗಿನ ಖೋಲಿ ಕಾಕಾನದು, ಹೊರಗಿನದು ನಮ್ಮದು, ಅಡುಗೆಮನೆ ಎಲ್ಲರದು. ಬೆಳಿಗ್ಗೆ ಒಂದು ತಾಸು ನಳ ಬರುತ್ತಿತ್ತು. ಆ ಒಂದು ತಾಸಿನಲ್ಲಿ ಪೀಪಾಯಿ ತುಂಬಬೇಕು, ಅರಿವೆ ಒಗೆಯಬೇಕು, ಆರೂ ಮಂದಿ ಜಳಕ ಮಾಡಬೇಕು, ಅದರ ನಡುವೆ ಜಗಳವೂ ಆಗಬೇಕು. ಗಾಳಿ ಕಂಪನಿಗಳ ಕಡೆಯಿಂದ ಬೀಸಿದ ದಿನ ಕಿಟಕಿ ಮುಚ್ಚಿಕೊಂಡು ಉಣ್ಣುತ್ತಿದ್ದೆವು. ಅಪ್ಪನ ಉಗುರು ನೋಡಿದರೆ ಆ ವಾರ ಕಂಪನಿಯಲ್ಲಿ ಯಾವ ಬಣ್ಣ ತಯಾರಾಗುತ್ತಿದೆ ಎಂದು ತಿಳಿಯುತ್ತಿತ್ತು. ಕಾಕಾ ಚಪ್ಪಲಿ ಬಿಟ್ಟು ಒಳಗೆ ಬರುವ ಮೊದಲೇ ಅವನ ಅಂಗಿಯ ಘಾಟಿಗೆ ನಾವು ಸೀನತೊಡಗುತ್ತಿದ್ದೆವು. ಸಂಜೆ ಕಾಕು ರೊಟ್ಟಿ ಬಡಿಯಲು ಕೂತರೆ ಅವ್ವ ಪಕ್ಕದಲ್ಲಿ ಪಲ್ಯಕ್ಕೆ ಒಗ್ಗರಣೆ ಹಾಕುವಳು. ನಾನು ಮತ್ತು ಸುಧಾ ಬಾಗಿಲ ಹತ್ತಿರ ಕೂತು ಮಗ್ಗಿ ಒಪ್ಪಿಸಬೇಕು. ಹನ್ನೆರಡರ ಮಗ್ಗಿ ಮುಗಿಯುವವರೆಗೆ ಬಿಸಿ ರೊಟ್ಟಿ ಇಲ್ಲ. ನನಗೆ ದಿನಾ ಬಿಸಿ ರೊಟ್ಟಿ ಸಿಗುತ್ತಿತ್ತು.

ಸುಧಾ ನನಗಿಂತ ಹತ್ತು ತಿಂಗಳಿಗೆ ಸಣ್ಣವಳು. ಒಂದೇ ಮರಾಠಿ ಶಾಲೆ, ಒಂದೇ ವರ್ಗ. ಅವಳು ಕೂತಲ್ಲಿ ಕೂರುವ ಜೀವವೇ ಅಲ್ಲ. ಏಳರ ಮಗ್ಗಿ ಶುರು ಮಾಡಿ ಏಳು ಮೂರಕ್ಕೆ ಬರುವಷ್ಟರಲ್ಲಿ ಕೆಳಗಿನ ಮನೆಯ ಬೆಕ್ಕು ಮರಿ ಹಾಕಿದ್ದು ನೆನಪಾಗಿ ಎದ್ದು ಓಡುವಳು. ವಾಪಸು ಬರುವಾಗ ಬೆಕ್ಕನ್ನೂ ಮರೆತು ಬೇರೆ ಯಾರದೋ ಸಿಪ್ಪೆ ಸುಲಿಯದ ಕಬ್ಬು ಹಿಡಿದು ಬರುವಳು. ನಳ ತಿರುವಿ ಬಿಟ್ಟು ಬಂದು ಕೆಳಗಿನವರ ಗೋಡೆ ತೋಯಿಸಿದ್ದು ಎಷ್ಟು ಸಲವೋ. ಕಳೆದ ಕೊಡೆಗಳಿಗೆ ಲೆಕ್ಕವಿಲ್ಲ. ಬಾಯಿಯಂತೂ ಸುರಿಯುವ ನಳವೇ. ಅವ್ವ ಕಾಕುವಿನ ಬಗ್ಗೆ ಅಂದದ್ದನ್ನು ಕಾಕುವಿಗೆ, ಕಾಕು ಮನೆ ಮಾಲಕರ ಬಗ್ಗೆ ಅಂದದ್ದನ್ನು ಮಾಲಕರಿಗೇ ಹೇಳಿಬಿಡುವಳು, ಅದೂ ನಗುನಗುತ್ತ. ಹೇಳಬಾರದು ಎಂದು ಮೊದಲೇ ಕೈ ಮೇಲೆ ಕೈ ಹಾಕಿಸಿಕೊಂಡಿದ್ದರೂ ಅಷ್ಟೇ. ಹೇಳಿದ ಮೇಲೆ ತಾನೇ ಗಾಬರಿಯಾಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಳ್ಳುವಳು. "ಕಾಲಾಗ ಗಾಲಿ, ಬಾಯಾಗ ಭೋಂಗಾ" ಎಂದು, ಬಾಯಲ್ಲಿ ಲೌಡ್‌ಸ್ಪೀಕರೇ ಇದೆ ಎಂದು, ಕಾಕಾ ನಗುತ್ತಿದ್ದ. ಕಾಕು ನಗುತ್ತಿರಲಿಲ್ಲ, ಬಡಿಯುತ್ತಿದ್ದಳು.

ಒಂದು ದಿನ ಡೊಂಬಿವಲಿ ಸ್ಟೇಶನ್ನಿನಲ್ಲಿ ಕಾಕುವಿನ ಕೈ ಬಿಡಿಸಿಕೊಂಡು ಸುಧಾ ಹಳಿಗೆ ಇಳಿದುಬಿಟ್ಟಳು. ಆಚೆಯ ಪ್ಲಾಟ್‌ಫಾರ್ಮಿನ ಮೇಲೆ ಒಬ್ಬ ಗಾಳಿಪಟ ಹಿಡಿದು ನಿಂತಿದ್ದನಂತೆ. ಯಾವನೋ ಪುಣ್ಯಾತ್ಮ ರಟ್ಟೆ ಹಿಡಿದು ಮೇಲೆ ಎಳೆದುಕೊಂಡ. ಮಾರನೆಯ ದಿನ ಕಾಕು ಶಾಲೆಗೆ ಹೋಗಿ ಬಾಯಿಯವರ ಮುಂದೆ, ಅಂದರೆ ನಮ್ಮ ಟೀಚರ ಮುಂದೆ, ಅತ್ತಳು. ಆ ಬಾಯಿ ಬೈಯಲಿಲ್ಲ. ಇದು ತುಂಟತನವಲ್ಲ, ಇವಳ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ, ಮಕ್ಕಳ ಮನಸ್ಸಿನ ಡಾಕ್ಟರಿಗೆ ತೋರಿಸಿ ಎಂದು ಒಂದು ಹೆಸರು ಬರೆದುಕೊಟ್ಟರು. ಅಪ್ಪ, ಕಾಕಾ ಇಬ್ಬರೂ ರಜೆ ಹಾಕಿ ಕರೆದುಕೊಂಡು ಹೋದರು. ಆ ಡಾಕ್ಟರರು ಎರಡು ತಾಸು ನೋಡಿ ಎಡಿಎಚ್‌ಡಿ ಎಂದರು. ಮಾತ್ರೆಯೂ ಬೇಕು, ವಾರಕ್ಕೊಮ್ಮೆ ಬಂದು ಕಲಿಯುವುದೂ ಬೇಕು, ವರ್ಷಗಟ್ಟಲೆ ಬೇಕು ಎಂದರು. ಅವರ ಫೀಸು ಕೇಳಿ ಕಾಕಾ ಮೆಟ್ಟಿಲ ಮೇಲೇ ಕೂತುಬಿಟ್ಟನಂತೆ. ಹತ್ತಿರದ ಠಾಣೆ ಊರಿನ ಸರಕಾರಿ ಮಾನಸಿಕ ಆಸ್ಪತ್ರೆಯಲ್ಲಾದರೆ ಇದೇ ಔಷಧ ಪುಕ್ಕಟೆ ಎಂದು ಅವರೇ ಹೇಳಿ ಕಳಿಸಿದರು. ಆ ಸಂಜೆ ನಮ್ಮ ಅಡುಗೆಮನೆಯಲ್ಲಿ ಆದ ಜಗಳ ನನಗೆ ಮಾತು ಮಾತಿಗೂ ನೆನಪಿದೆ.

"ಠಾಣೆಗೇನ?" ಕಾಕು ಹಿಟ್ಟಿನ ಕೈಯನ್ನು ಹಾಗೇ ಹಿಡಿದು ಕೇಳಿದಳು. "ಠಾಣೆಗ ಹುಚ್ಚರನ್ನ ಒಯ್ತಾರ. ನನ್ನ ಮಗಳು ಹುಚ್ಚಿ ಏನ್ರೀ?"

"ಹುಚ್ಚಿ ಅಂತ ಯಾರ ಅಂದಾರ? ಮಕ್ಕಳಿಗೆ ಅಂತ ಬ್ಯಾರೆ ವಿಭಾಗ ಅದ ಅಂತ," ಎಂದ ಕಾಕಾ.

"ವಿಭಾಗ ಬ್ಯಾರೆ ಇರಬೌದು, ಗೇಟ್ ಒಂದ ಅಲ್ಲಾ? ಆ ಗೇಟಿನಾಗ ಹೋಗೋದನ್ನ ನಮ್ಮ ಮಂದಿ ಒಬ್ರು ನೋಡಿದ್ರ ಸಾಕು. ನಾಳೆ ಇಕಿನ್ನ ಯಾರು ಮಾಡ್ಕೋತಾರ? ಇಕಿ ಅಷ್ಟ ಅಲ್ಲ, ರೇಖಾನ್ನ ಯಾರು ಮಾಡ್ಕೋತಾರ?"

ಹತ್ತು ವರ್ಷದ ನನ್ನ ಲಗ್ನದ ಚಿಂತೆ ಅಲ್ಲಿ ಎಲ್ಲರ ಬಾಯಿ ಕಟ್ಟಿತು. ನಮ್ಮ ಕಡೆ "ಇವನನ್ನ ಠಾಣೆಗೆ ಕಳಸಬೇಕು" ಎಂಬುದು ಬೈಗಳ. ಅದನ್ನು ನಾನೂ ಸುಧಾಳಿಗೆ ಎಷ್ಟೋ ಸಲ ಅಂದಿದ್ದೆ. ಅಪ್ಪ ಬಹಳ ಹೊತ್ತು ಉಗುರಿನ ನೀಲಿ ಕೆರೆಯುತ್ತ ಕೂತಿದ್ದ. ಕಡೆಗೆ, ಶಾಲೆಯ ಲೆಕ್ಕ ಬಿಡಿಸಿದವನ ಹಾಗೆ, ಸಲೀಸಾಗಿ ಹೇಳಿದ:

"ಕಾರ್ಡಿನ ದವಾಖಾನ್ಯಾಗ ಪ್ರತಿ ಬುಧವಾರ ಮಕ್ಕಳ ಮನಸ್ಸಿನ ಡಾಕ್ಟರ್ ಮೇಡಂ ಬರ್ತಾರಂತ. ರೇಖಾನ ಹೆಸರಿಲೆ ಸುಧಾನ್ನ ಒಯ್ಯೋಣು. ಇಬ್ರೂ ಒಂದ ಎತ್ತರ, ಒಂದ ಮಾರಿ. ಯಾರಿಗೆ ತಿಳೀತದ?"

ಅವ್ವ ಒಗ್ಗರಣೆ ಸೌಟನ್ನು ಸ್ವಲ್ಪ ಜೋರಾಗಿಯೇ ಕೆಳಗಿಟ್ಟಳು. ಕಾಕು ಎದ್ದು ಬಂದು ಅಪ್ಪನ ಕಾಲು ಮುಟ್ಟಿದಳು. ಸುಳ್ಳು ಹೇಳುತ್ತಿದ್ದೇವೆ ಎಂದು ಆ ಖೋಲಿಯಲ್ಲಿ ಯಾರಿಗೂ ಅನ್ನಿಸಲಿಲ್ಲ; ಠಾಣೆಗೆ ಹೋಗುವ ನಾಚಿಕೆಯ ಮುಂದೆ ಅದು ದೊಡ್ಡ ಮಾತೇ ಆಗಿರಲಿಲ್ಲ. ಅಣ್ಣ ತಮ್ಮಂದಿರು ಅಂಗಿ ಹಂಚಿಕೊಳ್ಳುತ್ತಾರೆ, ಹಾಸಿಗೆ ಹಂಚಿಕೊಳ್ಳುತ್ತಾರೆ, ಅವರ ಮಕ್ಕಳು ಒಂದು ಹೆಸರು ಹಂಚಿಕೊಂಡರೆ ಏನಾಯಿತು? ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ! ಕೇಳಲಿಲ್ಲ ಎಂಬ ಸಿಟ್ಟೊಂದನ್ನು ಮಾತ್ರ ಅಲ್ಲಿಂದಲೇ ಸಾಕತೊಡಗಿದೆ.

ಮುಂದಿನ ಒಂದು ವಾರ ಮನೆಯಲ್ಲಿ ತಾಲೀಮು. ಕಾಕು ರೊಟ್ಟಿ ಬಡಿಯುತ್ತಲೇ ಇದ್ದಕ್ಕಿದ್ದಂತೆ "ರೇಖಾ!" ಎಂದು ಕೂಗುವಳು. ಸುಧಾ "ಹ್ಞಾಂ" ಅನ್ನಬೇಕು. ನಾನೂ ರೂಢಿಯ ಮೇಲೆ "ಹ್ಞಾಂ" ಅನ್ನುವೆ. ಕಾಕು ನನ್ನ ಕಡೆ ಹಿಟ್ಟಿನ ಕೈ ತೋರಿಸಿ, "ನೀ ಸುಮ್ಕಿರು, ನಿನ್ನ ಯಾರು ಕರದ್ರು?" ಎನ್ನುವಳು. ನನ್ನ ಹೆಸರಿಗೆ ನಾನೇ ಓಗೊಡಬಾರದು! ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಸುಧಾಳಿಗಂತೂ ಇದು ಆಟವೇ. ಬುಧವಾರ ಬೆಳಿಗ್ಗೆ ತಲೆ ಬಾಚಿಸಿಕೊಂಡು, ನನ್ನ ಹಬ್ಬದ ಫ್ರಾಕು ತೊಟ್ಟುಕೊಂಡು, "ಅಕ್ಕಾ, ಇವತ್ತ ನಾ ರೇಖಾ, ನೀ ಯಾರು?" ಎಂದು ಕುಣಿಯುತ್ತಿದ್ದಳು. ನಾನು ಅವಳ ಜಡೆ ಎಳೆದು ಅಳಿಸಿ ಕಳಿಸಿದ್ದೂ ಉಂಟು.

ಕಾರ್ಡು ನಮ್ಮದಾದ್ದರಿಂದ ಅವ್ವನೇ ತಾಯಿಯಾಗಿ ಹೋಗಬೇಕಿತ್ತು. ಕಾಕು ಆಸ್ಪತ್ರೆಯ ಹೊರಗೆ ವಡಾಪಾವಿನ ಗಾಡಿಯ ಹತ್ತಿರ ನಿಂತು ಕಾಯುತ್ತಿದ್ದಳು. ತನ್ನ ಮಗಳ ಬಗ್ಗೆ ಡಾಕ್ಟರು ಏನಂದರೆಂದು ನನ್ನ ಅವ್ವನ ಬಾಯಿಂದ ಕೇಳಬೇಕಿತ್ತು. ಆ ಬುಧವಾರದ ಮೇಡಂ ಒಳ್ಳೆಯ ಹೆಂಗಸು. ಮಾತ್ರೆ ಕೊಟ್ಟರು. ಒಂದೇ ಸಲಕ್ಕೆ ಇಡೀ ಮಗ್ಗಿ ಬೇಡ, ಮೂರು ಮೂರು ಸಾಲು ಹೇಳಿಸಿ, ನಡುವೆ ಒಂದು ಸುತ್ತು ಓಡಲು ಬಿಡಿ ಎಂದರು. ದಿನದ ಕೆಲಸಗಳ ಚಿತ್ರ ಬರೆದ ಒಂದು ತಕ್ತೆ ಕೊಟ್ಟರು: ನಳ ಬಂದ್, ಚೀಲ ತುಂಬು, ಮಾತ್ರೆ ನುಂಗು. ಮಾಡಿದ್ದಕ್ಕೆಲ್ಲ ಒಂದೊಂದು ಚುಕ್ಕಿ. ಅದು ನಮ್ಮ ಅಡುಗೆಮನೆಯ ಗೋಡೆಗೆ ಬಂತು. ಎರಡು ಮೂರು ತಿಂಗಳಲ್ಲಿ ಸುಧಾ ನೆಟ್ಟಗೆ ಕೂತು ಉಣ್ಣುವುದನ್ನು ಕಂಡೆವು. ನಳ ಬಂದ್ ಮಾಡಿ, ಮತ್ತೆ ಹೋಗಿ ನೋಡಿ ಬರುತ್ತಿದ್ದಳು. ಒಂದು ಸಂಜೆ ಹನ್ನೆರಡರ ಮಗ್ಗಿಯನ್ನು ಕಡೆಯವರೆಗೆ ಒಪ್ಪಿಸಿದಾಗ ಕಾಕು ರೊಟ್ಟಿ ಬಡಿಯುವುದನ್ನು ಬಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. ಅಪ್ಪ ಸುಧಾಳ ತಲೆಯ ಮೇಲೆ ಕೈ ಇಟ್ಟು "ಭಲೆ ಮಗಳ!" ಎಂದ. ನಾನು ಮೂರು ವರ್ಷದಿಂದ ಒಪ್ಪಿಸುತ್ತಿದ್ದೆ, ನನಗೆ ಯಾರೂ ಭಲೆ ಅಂದಿರಲಿಲ್ಲ. ಗೋಡೆಯ ಮೇಲಿನ ತಕ್ತೆಯ ತಲೆಗೆ ಮೇಡಂ ಕೈಯಾರೆ ಬರೆದ ಹೆಸರು "ರೇಖಾ". ಹೆಸರು ನನ್ನದು, ಚುಕ್ಕಿಗಳು ಅವಳವು. ಅವಳ ರೋಗ ನನ್ನ ಹೆಸರಿಗೆ, ನನ್ನ ಹೊಗಳಿಕೆ ಅವಳಿಗೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹತ್ತು ವರ್ಷದ ಹುಡುಗಿಗೆ ಎಂಥ ಮತ್ಸರ ಎಂದು ಯಾರಾದರೂ ಕನಿಕರಪಟ್ಟರೆ ಅದು ಇನ್ನೂ ದೊಡ್ಡ ನಾಚಿಕೆ.

ಏಳನೆಯ ತಿಂಗಳಿಗೆ ನನಗೆ ಜ್ವರ ಬಂತು. ನಾಲ್ಕು ದಿನವಾದರೂ ಇಳಿಯಲಿಲ್ಲ. ಕಣ್ಣು ಹಳದಿಯಾಗಿವೆ ಎಂದು ಓಣಿಯ ಡಾಕ್ಟರು ಹೇಳಿದಾಗ ಅಪ್ಪ ಕೆಲಸದ ಮೇಲಿದ್ದ. ಅವ್ವ ಟ್ರಂಕು ತೆಗೆದು ಕಾರ್ಡನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕೂತಳು. ಅದನ್ನು ಒಯ್ಯಲೋ ಬೇಡವೋ ಎಂಬ ಅವಳ ಸಂಕಟ ಈಗ ತಿಳಿಯುತ್ತದೆ. ಹೊಟ್ಟೆಯ ಮಗಳನ್ನು ಮಗಳೆಂದು ತೋರಿಸಲು ಅವಳು ಹೆದರಬೇಕಾಗಿ ಬಂದಿತ್ತು. ರಿಕ್ಷಾದಲ್ಲಿ ನನ್ನ ಕಿವಿಯಲ್ಲಿ ಒಂದೇ ಸಮನೆ ಹೇಳಿದಳು:

"ಏನ ಕೇಳಿದ್ರೂ ಹೌದ ಅನ್ನು. ತಿಳೀತಿಲ್ಲೋ? ಏನ ಕೇಳಿದ್ರೂ."

ಆ ದಿನ ಬುಧವಾರ ಅಲ್ಲ. ಬೇರೆ ಡಾಕ್ಟರು, ವಯಸ್ಸಾದವರು. ಅವರ ಸುತ್ತ ಕಲಿಯುವ ನಾಲ್ಕು ಜನ ಹುಡುಗ ಹುಡುಗಿಯರು. ನನ್ನ ನಾಲಿಗೆ, ಕಣ್ಣು ನೋಡಿ, ಹೊಟ್ಟೆ ಅದುಮಿ, ಫೈಲು ತೆಗೆದರು. ಎರಡು ಹಾಳೆ ತಿರುವಿ, ಆ ಹುಡುಗರ ಕಡೆ ತಿರುಗಿ, ಈ ಮಗುವಿಗೆ ಬುಧವಾರದ ವಿಭಾಗದ ಮಾತ್ರೆ ನಡೆದಿದೆ, ಲಿವರಿನ ತೊಂದರೆ ಬಂದಾಗ ಅದನ್ನು ವಿಚಾರಿಸಬೇಕು ಎಂದು ಮರಾಠಿಯಲ್ಲಿ ಹೇಳಿದರು. ಆ ನಾಲ್ವರೂ ನನ್ನನ್ನು ನೋಡಿದರು. ಅವರು ನೋಡಿದ ರೀತಿ ಬರೀ ರೋಗಿಯನ್ನು ನೋಡುವ ಹಾಗಿತ್ತು ಎಂದು ಈಗ ಅನ್ನಿಸುತ್ತದೆ. ಅಂದು ನನಗೆ, ಠಾಣೆಯ ಗೇಟಿನೊಳಗೆ ಹೋಗುವವಳನ್ನು ನೋಡಿದ ಹಾಗೆ ಕಂಡಿತು. ಡಾಕ್ಟರು ಬಗ್ಗಿ, ಮೆತ್ತಗೆ, ಎಳೆಯ ಮಗುವನ್ನು ಕೇಳುವ ಹಾಗೆ ಕೇಳಿದರು: ರೇಖಾ, ಇವತ್ತು ಬೆಳಿಗ್ಗೆ ಮಾತ್ರೆ ನುಂಗಿದೆಯಾ? ಈಗ ಶಾಲೆಯಲ್ಲಿ ಶಾಂತವಾಗಿ ಕೂರಲು ಬರುತ್ತದಾ?

ಅವ್ವ ನನ್ನ ಬೆನ್ನ ಹಿಂದೆ ಕೈ ಹಾಕಿ ಸೊಂಟ ಚಿವುಟಿದಳು. ಹೌದು ಅಂದಿದ್ದರೆ ಮುಗಿಯುತ್ತಿತ್ತು. ಒಂದು ಶಬ್ದ.

"ಅದು ನಾನಲ್ಲ," ಎಂದೆ, ಮರಾಠಿಯಲ್ಲಿ, ಗಟ್ಟಿಯಾಗಿ. "ಅಂಥವಳು ನಾನಲ್ಲ. ಅದು ಸುಧಾ. ನನ್ನ ಹೆಸರು ಹೇಳಿಕೊಂಡು ಬರುತ್ತಾಳೆ."

ಬಾಯಿ ತಪ್ಪಿ ಬಂದದ್ದಲ್ಲ. ಜ್ವರದ ಬಡಬಡಿಕೆಯೂ ಅಲ್ಲ. ಏಳು ತಿಂಗಳಿಂದ ನಾಲಿಗೆಯ ಕೆಳಗೆ ಇಟ್ಟುಕೊಂಡಿದ್ದ ಮಾತು ಅದು. ಅಂದ ಮೇಲೆ ಒಂದು ಕ್ಷಣ ಎಷ್ಟು ಹಾಯೆನಿಸಿತು! ಆಮೇಲೆ ಅವ್ವನ ಮುಖ ನೋಡಿದೆ. ಆಫೀಸಿನವರು ಬಂದರು, ಕಾರ್ಡು ತೆಗೆದುಕೊಂಡರು, ಅವ್ವ ಒಬ್ಬೊಬ್ಬರಿಗೂ ಕೈ ಮುಗಿದಳು. ನನಗೆ ಔಷಧ ಕೊಟ್ಟರು, ಇಲ್ಲ ಅನ್ನಲಿಲ್ಲ. ಬುಧವಾರದ ಮೇಡಂಗೆ ಸುದ್ದಿ ಹೋಗಿ, ಮುಂದಿನ ವಾರ ಅವ್ವ ಹೋದಾಗ ಅವರು ಒಂದು ಚೀಟಿ ಬರೆದುಕೊಟ್ಟರು: ಹುಡುಗಿಯ ನಿಜವಾದ ಹೆಸರು ಹಾಕಿ ಠಾಣೆಗೆ ಕರೆದುಕೊಂಡು ಹೋಗಿ, ಪುಕ್ಕಟೆ ನೋಡುತ್ತಾರೆ, ಮಾತ್ರೆ ಮಾತ್ರ ನಿಲ್ಲಿಸಬೇಡಿ. ಆ ಚೀಟಿಯನ್ನು ಕಾಕು ದೇವರ ಮಾಡದಲ್ಲಿ, ದೇವರ ಹಿಂದೆ ಸಿಕ್ಕಿಸಿದಳು. ಅದು ಅಲ್ಲೇ ಕುಂಕುಮ ಮೆತ್ತಿಕೊಂಡು ಉಳಿಯಿತು. ಹಾಗೆಂದು ತಪ್ಪನ್ನು ಕಾಕುವಿನ ಮೇಲೆ ಜಾರಿಸಿ ನಾನು ಪಾರಾಗಲಾರೆ.

ಕಂಪನಿಯಲ್ಲಿ ಅಪ್ಪನನ್ನು ಕರೆಸಿ ಕೇಳಿದರು. ಮಾಫಿ ಬರೆಸಿಕೊಂಡರು. ನೌಕರಿ ಉಳಿಯಿತು, ಆದರೆ ಆ ವರ್ಷ ಫೋರಮನ್ ಆಗಬೇಕಿದ್ದವನು ಆಗಲಿಲ್ಲ, ಮುಂದೆ ಯಾವತ್ತೂ ಆಗಲಿಲ್ಲ. ಕಂಪನಿಯಲ್ಲಿ ಕರೆಸಿ ಕೇಳಿದ ದಿನದ ಸಂಜೆ ಆರೂ ಮಂದಿ ಅಡುಗೆಮನೆಯಲ್ಲಿ ಕೂತೆವು. ಅವರಿಗೆ ಹೆಂಗ ತಿಳೀತು ಎಂದು ಅಪ್ಪ ಕೇಳಿದ.

"ಮೊದಲ ತಿಳಿದಿತ್ತು ಅವರಿಗೆ," ಎಂದಳು ಅವ್ವ, ನೆಲ ನೋಡುತ್ತ. "ನಾವು ಹೋಗೋದ ತಡ, ಕೇಳಿದ್ರು."

ನಾನು ಗೋಡೆಗೆ ಒರಗಿ, ಕೌದಿ ಹೊದ್ದು, ಗಂಜಿ ಕುಡಿಯುತ್ತಿದ್ದೆ. ಕಾಕು ಒಲೆ ಬಿಟ್ಟು ಎದ್ದು ಸುಧಾಳ ಮುಂದೆ ಕೂತಳು.

"ಹೋದ ಬುಧವಾರ ದವಾಖಾನಿ ಬಾಗಲದಾಗ ನಿಂತು ಆ ನರ್ಸಬಾಯಿ ಜೋಡಿ ಏನ ಹರಟಿ ಹೊಡೀಲಿಕತ್ತಿದ್ದಿ ನೀ? ದೊಡ್ಡವ್ವ ಒಳಗ ಇದ್ದಾಗ?"

"ಬೆಕ್ಕಿಂದು ಹೇಳಿದೆ," ಎಂದಳು ಸುಧಾ.

"ಮತ್ತ?"

"ಶಾಲಿದು. ಅಕ್ಕಂದು."

"ಅಕ್ಕಂದು ಏನ? ನಿನ್ನ ಹೆಸರ ಹೇಳಿದೇನ? ಖರೆ ಹೇಳು."

ಸುಧಾ ಯೋಚಿಸಿದಳು. ಅವಳು ಅಷ್ಟು ಕಷ್ಟಪಟ್ಟು ಯೋಚಿಸಿದ್ದನ್ನು ನಾನು ನೋಡಿರಲೇ ಇಲ್ಲ. ಅವಳಿಗೆ ಬೆಳಿಗ್ಗೆ ಆಡಿದ ಮಾತು ಮಧ್ಯಾಹ್ನಕ್ಕೆ ನೆನಪಿರುತ್ತಿರಲಿಲ್ಲ. ಈ ಮನೆಯಲ್ಲಿ ಗುಟ್ಟು ಹೊರಗೆ ಹೋಗಿದ್ದರೆ ಅದು ತನ್ನ ಬಾಯಿಂದಲೇ ಹೋಗಿರುತ್ತದೆ ಎಂದು ಮಾತ್ರ ಹುಟ್ಟಿದಾಗಿನಿಂದ ಕೇಳಿ ಗೊತ್ತಿತ್ತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಬೆರಳ ಸಂದಿಯಿಂದ ಹೇಳಿದಳು:

"ಹೇಳಿರಬೇಕವ್ವಾ."

ಕಾಕು ಬಡಿದ ಬಡಿತ ಅಂಥದಿಂಥದಲ್ಲ. ಹಿಟ್ಟಿನ ಕೈಯಿಂದಲೇ ಬಡಿದಳು, ನೀಲಿ ಫ್ರಾಕಿನ ಬೆನ್ನ ತುಂಬ ಬಿಳಿ ಬೆರಳು ಮೂಡಿದವು. "ಹೇಳಿರಬೇಕಂತ! ನಿನ್ನ ಬಾಯಿಗಿ ಬೆಂಕಿ ಹಚ್ಚಲಿ! ಅಣ್ಣನಂಥ ಭಾವನ ಅನ್ನಕ್ಕ ಮಣ್ಣ ಹಾಕಿದೆಲ್ಲ!" ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ನನ್ನ ಜ್ವರಕ್ಕೆ ಆ ಗಾದೆ ನನ್ನ ಕಣ್ಣೆದುರೇ ನಡೆಯಿತು. ಅಪ್ಪ, ಕಾಕಾ ಬಿಡಿಸಿದರು. ಅವ್ವ ನನ್ನನ್ನು ನೋಡಿದಳು. ನಾನು ಗಂಜಿಯ ಬಟ್ಟಲು ನೋಡಿದೆ. ಅವ್ವ ಹೇಳಲಿ ಎಂದು ನಾನು ಕಾಯ್ದೆ, ನಾನು ಹೇಳಲಿ ಎಂದು ಅವ್ವ ಕಾಯ್ದಿರಬೇಕು. ಇಬ್ಬರೂ ಹೇಳಲಿಲ್ಲ. ಮಗಳನ್ನು ಉಳಿಸಿಕೊಂಡೆ ಎಂದು ಅವ್ವ ಅಂದುಕೊಂಡಳೋ ಏನೋ, ಆಮೇಲೆ ಅವಳು ಬದುಕಿದಷ್ಟು ದಿನವೂ ನಾವು ಆ ಮಾತು ಎತ್ತಲಿಲ್ಲ. ಗಂಜಿ ಪೂರ್ತಿ ಕುಡಿದೆ. ಉಪ್ಪು ಸರಿಯಾಗಿತ್ತು ಎಂಬುದೂ ನೆನಪಿದೆ, ಥೂ.

ಮಾತ್ರೆ ಮುಗಿದವು. ತಕ್ತೆಯನ್ನು ಕಾಕು ಗೋಡೆಯಿಂದ ಕಿತ್ತು ಒಲೆಗೆ ಹಾಕಿದಳು. ಸುಧಾ ಮತ್ತೆ ಮೊದಲಿನ ಹಾಗಾದಳು, ಒಂದು ಬಿಟ್ಟು: ಹೊರಗಿನವರು ಬಂದರೆ ಬಾಯಿ ಮುಚ್ಚಿಕೊಂಡು ಒಳಗಿನ ಖೋಲಿಗೆ ಓಡುತ್ತಿದ್ದಳು. ಏಳನೆಯದರಲ್ಲಿ ಎರಡು ಸಲ ನಪಾಸಾಗಿ ಶಾಲೆ ಬಿಟ್ಟಳು. ಅದಕ್ಕೂ ಮೊದಲೇ ಕಾಕಾ ಮಾರ್ಕೆಟ್ಟಿಗೆ ಹತ್ತಿರ ಆಗುತ್ತದೆಂದು ಕೋಪರಖೈರಣೆಗೆ ಮನೆ ಮಾಡಿದ. ನಿಜ ಕಾರಣ ಅದಲ್ಲ. ಅಪ್ಪನ ಮುಖ ನೋಡಲು ಕಾಕುವಿಗೆ ಆಗುತ್ತಿರಲಿಲ್ಲ. ಪ್ರತಿ ಹಬ್ಬಕ್ಕೆ ಖಡಕ್ ರೊಟ್ಟಿಯ ದೊಡ್ಡ ಗಂಟು ಹೊತ್ತು ಲೋಕಲಿನಲ್ಲಿ ಬಂದು, ಅಪ್ಪನ ಮುಂದೆ ಇಟ್ಟು, "ನನ್ನ ಮಗಳ ಬಾಯಿಂದ ನಿಮ್ಮ ಬಡ್ತಿ ಹೋತು ಭಾವಾರ" ಎನ್ನುತ್ತಿದ್ದಳು. ಆ ರೊಟ್ಟಿ ನಾನೂ ತಿನ್ನುತ್ತಿದ್ದೆ. ನಾನು ಓದಿದೆ, ಠಾಣೆಯಲ್ಲೇ ಒಂದು ಆಫೀಸಿನಲ್ಲಿ ನೌಕರಿ ಹಿಡಿದೆ. ನಮ್ಮ ಬಳಗದಲ್ಲಿ ನನಗೆ ಒಳ್ಳೆಯ ಹೆಸರಿದೆ. ರೇಖಾನ ಮುಂದೆ ಏನು ಬೇಕಾದರೂ ಹೇಳಬಹುದು, ಕೊಂದರೂ ಬಾಯಿ ಬಿಡುವುದಿಲ್ಲ ಎನ್ನುತ್ತಾರೆ. ಹೆಣ್ಣು ನೋಡಲು ಬಂದವರ ಮುಂದೆಯೂ ಅದನ್ನೇ ಹೊಗಳಿದರು. ಬಾಯಿ ಬಿಡಬೇಕಾದಲ್ಲಿ ಬಿಡದೆ, ಬಿಡಬಾರದ ಕಡೆ ಬಿಟ್ಟವಳು ಎಂದು ಯಾರಿಗೆ ಗೊತ್ತು?

ಕಾಕು ಎರಡು ವರ್ಷದ ಹಿಂದೆ ತೀರಿಕೊಂಡಳು. ಕಡೆಯ ದಿನಗಳಲ್ಲಿ ನಾನು ಕೋಪರಖೈರಣೆಗೆ ವಾರಕ್ಕೆ ಎರಡು ಸಲ ಹೋಗಿ ಕೂರುತ್ತಿದ್ದೆ. ಒಂದು ಮಧ್ಯಾಹ್ನ ಕೈ ಹಿಡಿದು, "ಆ ಹುಚ್ಚಖೋಡಿನ್ನ ಕೈ ಬಿಡಬ್ಯಾಡ ರೇಖಾ. ಭಾಳ ಬಡದೀನಿ ಅದಕ. ಆದ್ರ ತಪ್ಪೂ ಅಂಥಾದ್ದ ಮಾಡಿತ್ತಲ್ಲ" ಎಂದಳು. ಖೋಲಿಯಲ್ಲಿ ನಾವಿಬ್ಬರೇ. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. "ಹ್ಞೂಂ ಕಾಕು" ಎಂದೆ. ನೀರು ಕುಡಿಸಿದೆ.

ಈ ವರ್ಷ ಸುಧಾಳ ಮಗಳು ತನ್ವಿಯ ಶಾಲೆಯಿಂದ ಕರೆ ಬಂತು. ಏಳು ವರ್ಷದ ಹುಡುಗಿ, ಹೆತ್ತವ್ವನ ಪಡಿಯಚ್ಚು. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುತ್ತಾಳೆ, ಅದೂ ಓಡುತ್ತಲೇ. ಸುಧಾಳ ಗಂಡ ಘಣಸೋಲಿಯಲ್ಲಿ ಮೊಬೈಲು ರಿಪೇರಿ ಮಾಡುತ್ತಾನೆ. ವಿಮೆ ಅಲ್ಲಿಯೂ ಇಲ್ಲ. ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ನೋಡುತ್ತಾರೆ ಎಂದು ಕೇಳಿ ಸುಧಾ ನನಗೆ ಫೋನು ಮಾಡಿದಳು.

"ನೀ ಬಾ ಅಕ್ಕ. ನೀನ ಮಾತಾಡು. ನಾ ಬಾಯಿ ತಗದ್ರ ಏನರ ಕೆಡತದ. ನನ್ನ ಹಣೇಬಾರ ನನ್ನ ಮಗಳಿಗಿ ಬ್ಯಾಡ."

ಹೋದೆ. ಫೈಲು ನನ್ನ ಕೈಯಲ್ಲಿ ಕೊಟ್ಟು ಸುಧಾ ಪಕ್ಕದ ಕುರ್ಚಿಯಲ್ಲಿ ತುಟಿ ಬಿಗಿದು ಕೂತಳು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಮರಾಠಿಯವರು. ಕೇಳಿದ್ದಕ್ಕೆಲ್ಲ ನಾನೇ ಉತ್ತರಿಸಿದೆ: ಹುಟ್ಟಿದಾಗಿನ ತೂಕ, ನಿದ್ದೆ, ಊಟ, ಶಾಲೆ. ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿತ್ತೇ ಎಂದರು. ಇವಳಿಗೇ ಇತ್ತು ಎಂದೆ. ಔಷಧ ಮಾಡಿಸಿದ್ದಿರಾ? ಏಳು ತಿಂಗಳು. ಗುಣ ಕಂಡಿತ್ತೇ? ಕಂಡಿತ್ತು. ಮತ್ತೆ ಯಾಕೆ ನಿಲ್ಲಿಸಿದಿರಿ?

ನನಗಿಂತ ಮೊದಲೇ ಸುಧಾ ನಕ್ಕಳು. ನಮ್ಮ ಬಳಗದ ಲಗ್ನ, ತೊಟ್ಟಿಲುಗಳಲ್ಲಿ ಎಷ್ಟೋ ಸಲ ಹೇಳಿ ನಗಿಸಿದ ಕತೆ ಅದು ಅವಳಿಗೆ. ಅಕ್ಕನ ಹೆಸರಿನಲ್ಲಿ ಹೋಗುತ್ತಿದ್ದೆ ಮೇಡಂ, ನನ್ನ ಬಾಯಿ ಕೇಳಬೇಕಲ್ಲ, ನರ್ಸಿನ ಮುಂದೆ ನಾನೇ ಹೇಳಿಬಿಟ್ಟೆ, ನನ್ನ ಔಷಧಕ್ಕೆ ನಾನೇ ಕಲ್ಲು ಹಾಕಿಕೊಂಡೆ ಎಂದಳು. ಡಾಕ್ಟರು ಮುಗುಳ್ನಕ್ಕು ಬರೆಯತೊಡಗಿದರು.

"ಹಾಗೆ ಬರೆಯಬೇಡಿ," ಎಂದೆ. "ಅವಳು ಹೇಳಲಿಲ್ಲ. ನಾನು ಹೇಳಿದೆ. ನನಗೆ ಜ್ವರ ಬಂದಾಗ, ಡಾಕ್ಟರ ಮುಂದೆ. ಬೇಕೆಂದೇ ಹೇಳಿದೆ."

ಡಾಕ್ಟರು ಪೆನ್ನು ಎತ್ತಿದರು. ಸುಧಾಳ ಮುಖದ ಮೇಲೆ ಆ ನಗು ಇನ್ನೂ ಸ್ವಲ್ಪ ಹೊತ್ತು ಇತ್ತು. ತನ್ವಿ ಕಿಟಕಿಯ ಪರದೆಯಲ್ಲಿ ಸುತ್ತಿಕೊಂಡು ಬಿಚ್ಚಿಕೊಂಡು ಆಡುತ್ತಿದ್ದಳು. ಸುಧಾ ಕನ್ನಡದಲ್ಲಿ, ಮೆಲ್ಲಗೆ ಕೇಳಿದಳು:

"ನಮ್ಮವ್ವಗ ಗೊತ್ತಿತ್ತೇನ?"

"ಇಲ್ಲ."

"ಸಾಯೋ ಮುಂದರೇ ಹೇಳಿದೇನ?"

"ಇಲ್ಲ, ಸುಧಾ."

ಅವಳು ಅಳಲಿಲ್ಲ, ಎದ್ದು ಹೋಗಲಿಲ್ಲ. ನನ್ನ ತೊಡೆಯ ಮೇಲಿದ್ದ ಫೈಲನ್ನು ತೆಗೆದುಕೊಂಡಳು. ಕುರ್ಚಿಯನ್ನು ಡಾಕ್ಟರ ಮೇಜಿನ ಹತ್ತಿರಕ್ಕೆ ಎಳೆದುಕೊಂಡು, "ಕೇಳಿ ಮೇಡಂ, ನಾನು ಹೇಳುತ್ತೇನೆ" ಎಂದಳು. ಇನ್ನೂ ಬಹಳ ಪ್ರಶ್ನೆಗಳಿದ್ದವು. ಎಲ್ಲಕ್ಕೂ ಅವಳೇ, ನಿಧಾನವಾಗಿ, ಒಂದೂ ತಪ್ಪಿಲ್ಲದೆ ಉತ್ತರ ಕೊಟ್ಟಳು. ನನ್ನನ್ನು ಏನೂ ಕೇಳಲಿಲ್ಲ.